ಮಳೆಗಾಲಕ್ಕೆ ಮುಂಚೆ ಒಂದು ಏಣಿ

ದುಬಾರೆಗೆ ಬಂದವರ ಕಣ್ಣೆಲ್ಲ ಕಾವೇರಿ ಮತ್ತು ಆನೆಗಳ ಮೇಲೆ. ಆದರೆ ಮೇ ತಿಂಗಳು ಬಂತೆಂದರೆ ಸುತ್ತಲಿನ ಮನೆಗಳವರ ಕಣ್ಣು ಸೂರಿನತ್ತ ಹೋಗುತ್ತದೆ.

ಭಾಗಮಂಡಲದ ಕಡೆಯಷ್ಟು ಮಳೆ ಇಲ್ಲಿಲ್ಲ, ನಿಜ. ಆದರೂ ಲೆಕ್ಕ ಸಣ್ಣದಲ್ಲ: 100 ಚದರ ಮೀಟರ್ ಮಾಡಿನ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ 5,000 ಲೀಟರ್ ನೀರು. ಅಷ್ಟನ್ನೂ ಹೊರಹಾಕಬೇಕಾದದ್ದು ಅಂಗೈ ಅಗಲದ ತಗಡಿನ ದಂಬೆ! ಹಿಂದೆ ಮಲೆನಾಡಿನಲ್ಲಿ ಅಡಿಕೆ ಮರ ಸೀಳಿ, ತಿರುಳು ತೆಗೆದು ದಂಬೆ ಕಟ್ಟುತ್ತಿದ್ದರು. ಕೆಟ್ಟರೆ ತೋಟದಲ್ಲೇ ಇನ್ನೊಂದು ಸಿಗುತ್ತಿತ್ತು.

ತಗಡಿನದು ಹಾಗಲ್ಲ. ಕಾಫಿ ತೋಟದ ಸಿಲ್ವರ್ ಓಕ್ ಎಲೆ ಉದುರಿ, ಕೊಳವೆಯ ಬಾಯಲ್ಲಿ ಕೊಳೆತು, ಕಪ್ಪು ಕೆಸರಾಗಿ ಕೂರುತ್ತದೆ. ನೀರು ಹಿಂದಕ್ಕೆ ಉಕ್ಕಿ ಪಕಾಸಿಯ ತುದಿ ನೆನೆಯುತ್ತದೆ, ಗೋಡೆಗೆ ಪಾಚಿ ಹಿಡಿಯುತ್ತದೆ. ಬೈಗುಳ ಮಾತ್ರ ಹೆಂಚಿಗೆ.

ಹಿಮ ಬೀಳುವ ಟೊರಾಂಟೊದಂಥ ಊರಲ್ಲಿ ನೆಲೆಸಿದ ಕನ್ನಡಿಗರಿಗೆ ಬೇರೆಯೇ ಫಜೀತಿ. ಮನೆಯೊಳಗಿನ ಬಿಸಿ ಮೇಲೇರಿ ಮಾಡಿನ ಹಿಮ ಕರಗುತ್ತದೆ. ಆ ನೀರು ತಣ್ಣನೆಯ ಸೂರಿಗೆ ಬಂದು ಮತ್ತೆ ಗಡ್ಡೆಕಟ್ಟುತ್ತದೆ. ಹಿಂದೆ ನಿಂತ ನೀರು ಒಳಗಿಳಿಯುತ್ತದೆ. ಅಲ್ಲಿ ದಂಬೆ ತೊಳೆದರಷ್ಟೇ ಸಾಲದು, ಅಟ್ಟದ ಬಿಸಿ ಸೋರದಂತೆಯೂ ಮಾಡಬೇಕು.

ನಮ್ಮ ಕೆಲಸ ಸುಲಭ. ಎಲೆ ಬಾಚಿ, ಒಂದು ತುದಿಯಿಂದ ಕೊಡ ನೀರು ಸುರಿದು ನೋಡಿ. ಎಲ್ಲಿ ನಿಂತಿತೋ ಅಲ್ಲಿ ಕೊಕ್ಕೆ ಜಗ್ಗಿದೆ. ಜೋಡಣೆ ಒಣಗಿದ ಮೇಲಷ್ಟೇ ಸೀಲೆಂಟ್ ಹಚ್ಚಿ. ಏಣಿ ಹಿಡಿಯಲು ಕೆಳಗೊಬ್ಬರು ಇರಲೇಬೇಕು.