ಇಂಟರ್‌ವ್ಯೂಗೂ ತಾಲೀಮು ಬೇಕು

ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ನಮ್ಮ ದೇವಲಾಪುರ ಹೋಬಳಿ ಕಡೆ ಊರುಗಳಲ್ಲಿ ಕುರುಕ್ಷೇತ್ರ ನಾಟಕ ಆಡ್ತಾರಲ್ಲ, ಅದರ ತಾಲೀಮು ನೋಡಿದ್ದೀರಾ? ಹೊಲದ ಕೆಲಸ ಮುಗಿಸಿ, ಮುದ್ದೆ ಉಂಡು, ರಾತ್ರಿ ಒಂಬತ್ತಕ್ಕೆ ದೇವಸ್ಥಾನದ ಹತ್ರ ಸೇರ್ತಾರೆ. ಹಾರ್ಮೋನಿಯಂ ಮುಂದೆ ಮೇಷ್ಟ್ರು ಕೂತಿರ್ತಾರೆ. ದುರ್ಯೋಧನನ ಪಾತ್ರದವರು ಒಂದೇ ಪದ್ಯನ ಹತ್ತು ಸಲ ಹೇಳ್ತಾರೆ. ಶ್ರುತಿ ತಪ್ಪಿದ್ರೆ ಮೇಷ್ಟ್ರು ನಿಲ್ಲಿಸ್ತಾರೆ, ಮತ್ತೆ ಮೊದಲಿಂದ. ತಿಂಗಳುಗಟ್ಟಲೆ ಹೀಗೇ. ಒಂದು ರಾತ್ರಿಯ ನಾಟಕಕ್ಕೆ ಇಷ್ಟೆಲ್ಲ ಮಾಡೋ ನಾವು, ಕೆಲಸದ ಇಂಟರ್‌ವ್ಯೂಗೆ ಮಾತ್ರ ಒಂದು ದಿನವೂ ತಾಲೀಮು ಮಾಡದೆ ಹೊರಟುಬಿಡ್ತೀವಿ.

ಮಾಕ್ ಇಂಟರ್‌ವ್ಯೂ ಅಂತಾರಲ್ಲ, ಅದು ಈ ತಾಲೀಮೇ. ಪತ್ರಿಕೆಗಳಲ್ಲಿ ‘ಅಣಕು ಸಂದರ್ಶನ’ ಅಂತ ಬರೀತಾರೆ. ನನಗೆ ಆ ಪದ ಹಿಡಿಸಲ್ಲ. ಅಣಕಿಸೋದು ಅಂದ್ರೆ ಆಡಿಕೊಳ್ಳೋದು. ಇಲ್ಲಿ ಯಾರೂ ಯಾರನ್ನೂ ಆಡಿಕೊಳ್ಳೋ ಹಾಗಿಲ್ಲ. ಅದಕ್ಕೇ ನಾನು ತಾಲೀಮು ಅಂತೀನಿ.

ಎಲ್ಲ ಕೆಲಸಕ್ಕೂ ಇದು ಬೇಕಾಗಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಎಫ್‌ಡಿಎ, ಎಸ್‌ಡಿಎ ಹುದ್ದೆಗಳಿಗೆ ಬರೆಯೋ ಪರೀಕ್ಷೆಯೇ ಎಲ್ಲ. ಕೇಂದ್ರ ಸರ್ಕಾರದ ಸಿ ಗುಂಪಿನ ಕೆಲಸಗಳಿಗೂ 2016ರ ಜನವರಿಯಿಂದ ಸಂದರ್ಶನ ಇಲ್ಲ. ಆದ್ರೆ ಖಾಸಗಿ ಕಂಪನಿಗೆ ಹೋಗೋರಿಗೆ ಇದು ತಪ್ಪಿದ್ದಲ್ಲ. ಐಎಎಸ್ ಕನಸಿನವರಿಗೂ ಅಷ್ಟೆ: ಯುಪಿಎಸ್‌ಸಿಯ ಒಟ್ಟು 2025 ಅಂಕದಲ್ಲಿ 275 ಸಂದರ್ಶನದ್ದೇ. ಮೇನ್ಸ್ ಕನ್ನಡದಲ್ಲಿ ಬರೆದವರು ಆ ಸಂದರ್ಶನನೂ ಕನ್ನಡದಲ್ಲೇ ಕೊಡಬಹುದು, ಇದು ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ.

ಈಗ ನಮ್ಮ ಮನೆ ಜಗಲಿ ಮೇಲೆ ನಡೆದಿದ್ದನ್ನ ಹೇಳ್ತೀನಿ. ನಮ್ಮ ಚಿಕ್ಕಪ್ಪನ ಮಗಳು ಬಿ.ಕಾಂ. ಮುಗಿಸಿದ್ಲು. ಬೆಂಗಳೂರಿನ ಒಂದು ಕಂಪನಿಯಿಂದ ಅಕೌಂಟ್ಸ್ ಕೆಲಸಕ್ಕೆ ಕರೆ ಬಂದಿತ್ತು. ಎರಡು ಪ್ಲಾಸ್ಟಿಕ್ ಕುರ್ಚಿ, ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನೀರಿನ ಚೊಂಬು, ಚೊಂಬಿಗೆ ಒರಗಿಸಿದ ಮೊಬೈಲು. ರೆಕಾರ್ಡಿಂಗ್ ಶುರು ಮಾಡಿ, ನಿಮ್ಮ ಬಗ್ಗೆ ಹೇಳಿ ಅಂದೆ. ಮೈ ನೇಮ್ ಈಸ್ ಅಂತ ಶುರು ಮಾಡಿದವಳು, ಮೈ ಫಾದರ್ ಈಸ್ ಎ ಫಾರ್ಮರ್ ಅಂತ ಒಂದೇ ಉಸಿರಲ್ಲಿ ಒಪ್ಪಿಸಿ, ಅರ್ಧ ನಿಮಿಷಕ್ಕೇ ಖಾಲಿಯಾಗಿ ಕೂತ್ಲು. ಕಣ್ಣು ಚೊಂಬಿನ ಮೇಲೆ, ಕೈ ದುಪಟ್ಟಾದ ತುದಿ ಸುತ್ತುತ್ತಾ ಇತ್ತು.

“ಇಂಗ್ಲಿಷು ಬಿಡವ್ವ. ಮನೇಲಿ ಯಾವ ಲೆಕ್ಕ ನೋಡ್ಕೋತೀಯ, ಅದನ್ನ ಹೇಳು” ಅಂದೆ.

“ಅಯ್ಯೋ ಅಣ್ಣ, ನಾನೇನ್ ಲೆಕ್ಕ ನೋಡ್ತೀನಿ. ಅವ್ವನ ಸ್ತ್ರೀಶಕ್ತಿ ಸಂಘದ ಬುಕ್ಕು ಬರೀತೀನಿ, ಅಷ್ಟೆ.”

ಅಷ್ಟೆ ಅಂತೆ! ಯಾವತ್ತಾದ್ರೂ ಲೆಕ್ಕ ತಪ್ಪಿತ್ತಾ ಅಂತ ಕೇಳಿದೆ. ತಪ್ಪಿತ್ತಂತೆ. ಒಂದು ವಾರ ಬುಕ್ಕಿಗೂ ಡಬ್ಬಿಯಲ್ಲಿದ್ದ ದುಡ್ಡಿಗೂ 200 ರೂಪಾಯಿ ತಾಳೆ ಆಗಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡೋಕೆ ಶುರು ಮಾಡಿದ್ರು. ಇವಳು ಒಬ್ಬೊಬ್ಬರ ಪಾಸ್‌ಬುಕ್ಕೂ ಇಸ್ಕೊಂಡು, ಸಾಲಾಗಿ ಇಟ್ಕೊಂಡು ಟಿಕ್ ಹಾಕ್ತಾ ಬಂದ್ಲು. ಒಬ್ಬರ ಸಾಲದ ಕಂತನ್ನ ತಾನೇ ಎರಡು ಸಲ ಬರೆದಿರೋದು ಸಿಕ್ತು. ಎಲ್ಲರ ಮುಂದೆ ತಪ್ಪು ನನ್ನದೇ ಅಂತ ಒಪ್ಕೊಂಡು, ತಿದ್ದಿ, ಸಹಿ ಹಾಕಿಸಿದ್ಲು.

ಇದನ್ನ ಹೇಳುವಾಗ ಅವಳ ಕೈ ದುಪಟ್ಟಾ ಬಿಟ್ಟಿತ್ತು. ಅಕೌಂಟ್ಸ್ ಕೆಲಸ ಕೊಡೋರಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ? ಲೆಕ್ಕ ಗೊತ್ತು, ತಪ್ಪು ಹುಡುಕೋ ದಾರಿ ಗೊತ್ತು, ದುಡ್ಡಿನ ವಿಷಯದಲ್ಲಿ ನಂಬಿಕೆ ಉಳಿಸ್ಕೊಳ್ಳೋದು ಗೊತ್ತು. ಆದ್ರೆ ಅದನ್ನ ಹೇಳಬಹುದು ಅನ್ನೋದೇ ಅವಳಿಗೆ ಗೊತ್ತಿರಲಿಲ್ಲ. ನಮ್ಮ ಮಕ್ಕಳು ಸೋಲ್ತಿರೋದು ಇಲ್ಲಿ. ಮನೇಲಿ, ಸ್ಕೂಲಲ್ಲಿ, ಎಲ್ಲೂ ಅವರನ್ನ ಕೂರಿಸಿ ನೀನು ಏನು ಮಾಡಿದೆ, ಹೇಗೆ ಮಾಡಿದೆ ಅಂತ ಯಾರೂ ಕೇಳಿರಲ್ಲ. ಮೊದಲ ಸಲ ಕೇಳೋದು ಎಸಿ ರೂಮಲ್ಲಿ ಕೂತಿರೋ ಅಪರಿಚಿತರು, ಅದೂ ನಾಗಮಂಗಲ, ಬೆಳ್ಳೂರು ಕ್ರಾಸು ದಾಟಿ ಬಸ್ಸಲ್ಲಿ ಗಂಟೆಗಟ್ಟಲೆ ಕೂತು ಸುಸ್ತಾಗಿ ಹೋದ ಮೇಲೆ.

ಅದಕ್ಕೇ ನಾನು ಹೇಳೋದು, ಮೊದಲನೇ ಸುತ್ತು ಪೂರ್ತಿ ಕನ್ನಡದಲ್ಲೇ ಆಗಲಿ. ವಿಷಯ ಹೊರಗೆ ಬರಲಿ. ಇಂಗ್ಲಿಷು ಎರಡನೇ ಸುತ್ತಿಗೆ. ಹೇಳೋಕೆ ವಿಷಯ ಇದ್ರೆ ಮುರುಕು ಇಂಗ್ಲಿಷಲ್ಲೂ ಅದು ತಲುಪುತ್ತೆ.

ಪ್ರಶ್ನೆ ಕೇಳೋಕೆ ಗೆಳೆಯರನ್ನ ಕೂರಿಸಬೇಡಿ, ಐದು ನಿಮಿಷಕ್ಕೆ ನಗು ಶುರುವಾಗುತ್ತೆ. ರಿಟೈರ್ ಆದ ಮೇಷ್ಟ್ರು, ಬ್ಯಾಂಕಲ್ಲಿರೋರು, ನಿಮ್ಮ ಪರಿಚಯ ಅಷ್ಟಾಗಿ ಇಲ್ಲದವರು ಇದ್ರೆ ಒಳ್ಳೇದು. ಅವರಿಗೆ ಒಂದೇ ಮಾತು ಹೇಳಿ: ಉತ್ತರ ಬಂದ ಮೇಲೆ ಬಿಡಬೇಡಿ, ಅದರ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಹಾಕಿ. ನಾಟಕಕ್ಕೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಅಲ್ಲಿ ಶಕುನಿ ಏನು ಹೇಳ್ತಾನೆ ಅಂತ ದುರ್ಯೋಧನನಿಗೆ ಗೊತ್ತಿರುತ್ತೆ. ಇಲ್ಲಿ ಗೊತ್ತಿರಲ್ಲ. ಬಾಯಿಪಾಠ ಅದಕ್ಕೇ ಇಲ್ಲಿ ಕೈಕೊಡುತ್ತೆ.

ಊರಿನ ಪ್ರಶ್ನೆ ಬಂದೇ ಬರುತ್ತೆ. ಮಂಡ್ಯದವರಾ, ಹಾಗಾದ್ರೆ ಕಬ್ಬು ಬೆಳೀತೀರಾ ಅಂತಾರೆ. ಹೂಂ ಅಂದು ಸುಮ್ಮನಾಗಬೇಡಿ. ಕನ್ನಂಬಾಡಿ ನಾಲೆ ನೀರು ಹರಿಯೋದು ಪಾಂಡವಪುರ, ಮಂಡ್ಯ, ಮದ್ದೂರಿನ ಕಡೆ. ನಾಗಮಂಗಲ ಬಹುಪಾಲು ಮಳೆ ನಂಬಿದ ಸೀಮೆ. ಅದಕ್ಕೇ ನಮ್ಮಲ್ಲಿ ರಾಗಿ, ಹುರುಳಿ, ತೆಂಗು. ಒಂದೇ ಜಿಲ್ಲೆಯಲ್ಲಿ ಎರಡು ಥರದ ಬದುಕು ಯಾಕೆ ಅಂತ ಎರಡು ಮಾತಲ್ಲಿ ಹೇಳೋ ಹುಡುಗನನ್ನ ಎದುರು ಕೂತವರು ತಲೆ ಎತ್ತಿ ನೋಡ್ತಾರೆ.

ಮುಗಿದ ಮೇಲೆ ತಪ್ಪುಗಳ ಪಟ್ಟಿ ಓದಬೇಡಿ. ರೆಕಾರ್ಡಿಂಗ್ ಅವರ ಕೈಗೇ ಕೊಡಿ. ನಮ್ಮ ಹುಡುಗಿ ನೋಡಿದ ತಕ್ಷಣ ತಾನೇ ಹೇಳಿದ್ಲು, ಅಣ್ಣ, ನಾನು ನಿಮ್ಮ ಕಡೆ ನೋಡೇ ಇಲ್ಲ ಅಂತ. ನೀವು ಮೇಲೆ ಒಂದೋ ಎರಡೋ ಮಾತು ಸೇರಿಸಿದ್ರೆ ಸಾಕು. ಮೂರು ದಿನ ಬಿಟ್ಟು ಇನ್ನೊಂದು ಸುತ್ತು ಮಾಡಿ. ಹಿಂದಿನ ರಾತ್ರಿ ಮಾತ್ರ ಬೇಡ, ಅವತ್ತು ನಿದ್ದೆ ಮಾಡಲಿ.

ಮುಂದಿನ ಭಾನುವಾರ ಪಕ್ಕದ ಬೀದಿ ಹುಡುಗನೊಬ್ಬ ಬಂದ. ಐಟಿಐ ಮಾಡಿದಾನೆ. ಈ ಸಲ ಪ್ರಶ್ನೆ ಕೇಳೋ ಕುರ್ಚಿಯಲ್ಲಿ ಅವಳನ್ನೇ ಕೂರಿಸಿದೆ. ಅವನು ಒಂದೇ ಉಸಿರಲ್ಲಿ ಒಪ್ಪಿಸೋಕೆ ಶುರು ಮಾಡಿದ. ಅವಳು ಚೊಂಬು ಪಕ್ಕಕ್ಕೆ ಸರಿಸಿ, “ಅದಿರಲಿ, ನಿಮ್ಮ ಮೋಟಾರು ಕೆಟ್ಟಾಗ ಯಾರು ರಿಪೇರಿ ಮಾಡೋದು?” ಅಂತ ಕೇಳಿದ್ಲು.