ಹೆಪಟೈಟಿಸ್ ಸೋಂಕು ಮತ್ತು ಯಕೃತ್ತಿನ ಕ್ಯಾನ್ಸರ್

ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರಿಗೆ ಜಗತ್ತಿನಲ್ಲಿ ಅತಿ ದೊಡ್ಡ ಕಾರಣ ಎರಡು ವೈರಸ್‌ಗಳು: ಹೆಪಟೈಟಿಸ್ ಬಿ ಮತ್ತು ಸಿ. ಮದ್ಯದ ಪಾಲೂ ಸಣ್ಣದಲ್ಲ. ಆದರೆ ಒಂದು ಹನಿ ಮುಟ್ಟದವರಿಗೂ ಈ ರೋಗ ಬರುತ್ತದೆ; ಕುಡಿಯದವರ ಲಿವರ್ ಕೆಟ್ಟದ್ದು ಹೇಗೆಂದು ಮನೆಯವರು ಕಂಗಾಲಾಗುತ್ತಾರೆ. ಕಲುಷಿತ ನೀರಿನಿಂದ ಹರಡುವ ಕಾಮಾಲೆಯನ್ನು ಈ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ. ಅದು ಎ ಮತ್ತು ಇ ವೈರಸ್‌ಗಳ ಕೆಲಸ, ಸಾಮಾನ್ಯವಾಗಿ ಕೆಲವು ವಾರ ಕಾಡಿ ಹೋಗುತ್ತದೆ. ಬಿ ಮತ್ತು ಸಿ ಹಾಗಲ್ಲ. ಮುಖ್ಯವಾಗಿ ರಕ್ತದ ಮೂಲಕ, ಬಿ ಆದರೆ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೂ ಲೈಂಗಿಕ ಸಂಪರ್ಕದಿಂದಲೂ ದೇಹ ಹೊಕ್ಕು, ಹಲವರಲ್ಲಿ ದಶಕಗಳ ಕಾಲ ಸದ್ದಿಲ್ಲದೆ ಉಳಿದುಬಿಡುತ್ತವೆ.

ಬಿ ವೈರಸ್ಸಿಗೂ ಕ್ಯಾನ್ಸರಿಗೂ ಇರುವ ನಂಟು ಸಂಶಯಕ್ಕೆಡೆಯಿಲ್ಲದಂತೆ ಗೊತ್ತಾದದ್ದು ತೈವಾನಿನಲ್ಲಿ. 1960ರ ದಶಕದಲ್ಲಿ ಬರೂಕ್ ಬ್ಲೂಮ್‌ಬರ್ಗ್ ಈ ವೈರಸ್ಸಿನ ಹೊರಕವಚದ ಪ್ರೋಟೀನನ್ನು ರಕ್ತದಲ್ಲಿ ಪತ್ತೆಹಚ್ಚಿದ್ದರಿಂದ ಸೋಂಕು ಯಾರಲ್ಲಿದೆ ಎಂದು ಪರೀಕ್ಷಿಸುವ ದಾರಿ ತೆರೆದಿತ್ತು. ಅಮೆರಿಕದ ವೈದ್ಯ ಪಾಮರ್ ಬೀಸ್ಲಿ ಮತ್ತು ಸಂಗಡಿಗರು ತೈವಾನಿನ 22,707 ಗಂಡಸರ ರಕ್ತ ಪರೀಕ್ಷಿಸಿ, ಅವರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿದರು. ಫಲಿತಾಂಶ ಪ್ರಕಟವಾದದ್ದು 1981ರಲ್ಲಿ. ಸೋಂಕಿದ್ದ 3,454 ಜನರಲ್ಲಿ 40 ಮಂದಿಗೆ ಯಕೃತ್ತಿನ ಕ್ಯಾನ್ಸರ್ ಬಂದಿತ್ತು. ಸೋಂಕಿಲ್ಲದ 19,253 ಜನರಲ್ಲಿ ಬಂದದ್ದು ಒಬ್ಬರಿಗೆ. ಅಪಾಯದ ಅಂತರ 223 ಪಟ್ಟು. ಬೀಡಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು ಕೂಡ ಇಷ್ಟು ಬಿಗಿಯಾದದ್ದಲ್ಲ.

ಯಕೃತ್ತನ್ನು ಹಾಳುಮಾಡುವುದು ಬಹುಮಟ್ಟಿಗೆ ವೈರಸ್ ಅಲ್ಲ, ಅದನ್ನು ಓಡಿಸಹೊರಟ ದೇಹದ ರೋಗನಿರೋಧಕ ಶಕ್ತಿಯೇ. ಸೋಂಕಿತ ಜೀವಕೋಶಗಳನ್ನು ಅದು ಕೊಲ್ಲುತ್ತದೆ, ಯಕೃತ್ತು ಹೊಸ ಕೋಶಗಳನ್ನು ಬೆಳೆಸುತ್ತದೆ. ಹೀಗೆ ಇಪ್ಪತ್ತು ಮೂವತ್ತು ವರ್ಷ ನಡೆದರೆ ಮೆದುವಾದ ಅಂಗ ಗಾಯದ ಕಲೆಗಳಿಂದ ಗಂಟುಗಂಟಾಗುತ್ತದೆ, ಇದೇ ಸಿರೋಸಿಸ್. ಕೋಶಗಳು ಒಡೆದು ಇಮ್ಮಡಿಯಾಗುವಾಗಲೆಲ್ಲ ಡಿಎನ್‌ಎ ನಕಲಿನಲ್ಲಿ ತಪ್ಪು ನುಸುಳಬಹುದು, ಅಂಥ ತಪ್ಪುಗಳು ಕೂಡುತ್ತ ಹೋಗಿ ಕ್ಯಾನ್ಸರ್ ಹುಟ್ಟುತ್ತದೆ. ಸಿ ವೈರಸ್ ಹೆಚ್ಚಾಗಿ ಹಿಡಿಯುವುದು ಈ ದಾರಿಯನ್ನೇ. ಬಿ ವೈರಸ್ಸಿಗೆ ಒಳದಾರಿಯೂ ಉಂಟು: ತನ್ನ ಡಿಎನ್‌ಎ ತುಣುಕುಗಳನ್ನು ಯಕೃತ್ತಿನ ಕೋಶದ ಡಿಎನ್‌ಎಯೊಳಗೇ ಸೇರಿಸಬಲ್ಲದು. ಸಿರೋಸಿಸ್ ಇಲ್ಲದೆಯೂ ಕೆಲವರಿಗೆ ಕ್ಯಾನ್ಸರ್ ಬರುವುದಕ್ಕೆ ಇದೊಂದು ಕಾರಣ.

ಬಿ ಸೋಂಕು ತಗುಲಿದ ವಯಸ್ಸಿನ ಮೇಲೆ ಬಹಳಷ್ಟು ನಿಂತಿದೆ. ವಯಸ್ಕರಲ್ಲಿ ನೂರಕ್ಕೆ ಐವರಿಗಿಂತ ಕಡಿಮೆ ಜನರಲ್ಲಿ ಅದು ಕಾಯಂ ಆಗುತ್ತದೆ; ಹುಟ್ಟುವಾಗಲೇ ತಗುಲಿದ ಶಿಶುಗಳಲ್ಲಿ ಸುಮಾರು ತೊಂಬತ್ತರಲ್ಲಿ. ಆದ್ದರಿಂದಲೇ ತೈವಾನ್ 1984ರಲ್ಲಿ ಸೋಂಕಿತ ತಾಯಂದಿರ ಶಿಶುಗಳಿಂದ ಲಸಿಕೆ ಶುರುಮಾಡಿ, ಎರಡು ವರ್ಷದಲ್ಲಿ ಎಲ್ಲ ಶಿಶುಗಳಿಗೂ ವಿಸ್ತರಿಸಿತು. 6ರಿಂದ 14 ವರ್ಷದ ಮಕ್ಕಳಲ್ಲಿ ವರ್ಷಕ್ಕೆ ಲಕ್ಷಕ್ಕೆ 0.70ರಷ್ಟಿದ್ದ ಯಕೃತ್ತಿನ ಕ್ಯಾನ್ಸರ್ 1990ರ ದಶಕದ ಮೊದಲರ್ಧಕ್ಕೆ 0.36ಕ್ಕೆ ಇಳಿಯಿತು. ಲಸಿಕೆಯೊಂದು ಕ್ಯಾನ್ಸರನ್ನು ತಡೆದದ್ದಕ್ಕೆ ಇದು ಮೊದಲ ಸಾಕ್ಷ್ಯಗಳಲ್ಲಿ ಒಂದು. ಭಾರತದಲ್ಲೂ ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಕೊಡಬೇಕೆಂಬ ನಿಯಮವಿದೆ.

1989ರಲ್ಲಿ ಗುರುತಿಸಲಾದ ಸಿ ವೈರಸ್ಸಿಗೆ ಲಸಿಕೆಯಿಲ್ಲ. ಆದರೆ ಎರಡು ಮೂರು ತಿಂಗಳ ಮಾತ್ರೆಗಳಿಂದ ನೂರಕ್ಕೆ ತೊಂಬತ್ತೈದರಷ್ಟು ಜನ ಪೂರ್ತಿ ಗುಣವಾಗುತ್ತಾರೆ. ಬಿ ಸೋಂಕಿನ ಮಾತ್ರೆಗಳು ವೈರಸ್ಸನ್ನು ಅದುಮಿಡುತ್ತವೆ, ಬೇರುಸಹಿತ ಕೀಳುವುದು ಅಪರೂಪ. ಸಿರೋಸಿಸ್ ಆಗಿಬಿಟ್ಟಿದ್ದರೆ ವೈರಸ್ ಹೋದ ಮೇಲೂ ಕ್ಯಾನ್ಸರಿನ ಅಪಾಯ ಪೂರ್ತಿ ಹೋಗುವುದಿಲ್ಲ. ಅಂಥವರಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಲು ವೈದ್ಯರು ಹೇಳುತ್ತಾರೆ.