ಕೆರೆಯಂಗಳದ ಹಕ್ಕಿಗಳಿಗೊಂದು ಅಟ್ಟಣೆ

(ಮಾಗಡಿ ತಾಲ್ಲೂಕು ಕೆಂಪಾಪುರದಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಮೇಷ್ಟ್ರು ಹಕ್ಕಿ ನೋಡುವ ಗೋಪುರದ ಮಾತನ್ನೇಕೆ ಎತ್ತಿದರು ಎಂದು ತಮಗೆ ಅನ್ನಿಸಬಹುದು. ಕಾರಣ ಇಷ್ಟೆ. ಗೋಪುರ ನಿಲ್ಲುವುದು ಕೆರೆಯ ಬಳಿ; ಕೆರೆ ಕೆಟ್ಟರೆ ಕೆಡುವುದು ಅಚ್ಚುಕಟ್ಟು. ಈಚೆಗೆ ಹಲವು ಊರುಗಳಲ್ಲಿ ಯುವಕರು, ಕೆರೆಗೆ ಬರುವ ಹಕ್ಕಿಗಳನ್ನು ನೋಡಲು ವೀಕ್ಷಣಾ ಗೋಪುರ ಬೇಕೆಂದು ಕೇಳುತ್ತಾರೆ. ಆಸೆ ಒಳ್ಳೆಯದೇ. ಆದರೆ ಅವರ ಮನಸ್ಸಿನಲ್ಲಿರುವುದು ಏರಿಯ ಮೇಲೆ 30 ಅಡಿ ಎತ್ತರದ ಕಾಂಕ್ರೀಟು ಗೋಪುರ. ಅದು ಬೇಡ. ರಾಗಿ ಹೊಲ ಕಾಯಲು ನಮ್ಮ ಹಿರಿಯರು ಕಟ್ಟುತ್ತಿದ್ದ ಅಟ್ಟಣೆಯನ್ನೇ ಸ್ವಲ್ಪ ತಿದ್ದಿ ಕಟ್ಟಿದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಕೆಂಪಾಪುರದಲ್ಲಿ ನಿಂತು ಗೋಪುರದ ಮಾತಾಡುವಾಗ ಕೆಂಪೇಗೌಡರ ನೆನಪು ಬಾರದಿರದು. ಅವರ ಸಮಾಧಿ ಈ ಊರಿನಲ್ಲಿದೆ ಎಂಬುದು 2015ರಲ್ಲಿ ಬೆಳಕಿಗೆ ಬಂತು. ಬೆಂಗಳೂರಿನ ನಾಲ್ಕು ಗಡಿ ಗೋಪುರಗಳನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತೇವೆ. ಲಾಲ್‌ಬಾಗಿನಲ್ಲಿರುವ ಗೋಪುರವನ್ನು ನೋಡಿದವರು ಗಮನಿಸಿರಬಹುದು, ಅದು ನಿಂತಿರುವುದು ಹೆಬ್ಬಂಡೆಯ ಮೇಲೆ. ಕೆರೆ ಏರಿಗೆ ಅಂಥ ತಳಹದಿ ಇಲ್ಲ. ಏರಿ ಎಂದರೆ ಮಣ್ಣನ್ನು ಪದರ ಪದರವಾಗಿ ಹಾಕಿ ತುಳಿದು ಗಟ್ಟಿಮಾಡಿದ ಗೋಡೆ. ಅದರಲ್ಲಿ ಕಂಬದ ಗುಂಡಿ ತೆಗೆದರೆ, ಮತ್ತೆ ಎಷ್ಟೇ ತುಂಬಿದರೂ ಮಣ್ಣು ಮೊದಲಿನ ಬಿಗಿಗೆ ಬರುವುದು ಕಷ್ಟ. ಕೆರೆ ತುಂಬಿದಾಗ ಅಲ್ಲಿ ನೀರು ಜಿನುಗುತ್ತದೆ. ಜಿನುಗು ಮಣ್ಣನ್ನು ಕೊಂಡೊಯ್ಯಲು ಆರಂಭಿಸಿದರೆ ಏರಿಗೆ ಅಪಾಯ. ತೂಬು, ಕೋಡಿಗಳ ಬಳಿಯಂತೂ ಸಲಾಕೆಯನ್ನೂ ಊರಕೂಡದು.

ಇನ್ನೊಂದು ಮಾತು. ಏರಿಯೇ ಒಂದು ಗೋಪುರ. ಅದರ ಮೇಲೆ ನಿಂತವರಿಗೆ ಮತ್ತೊಂದು ಎತ್ತರ ಯಾಕೆ? ಅಷ್ಟೇ ಅಲ್ಲ, ಏರಿಯ ಬುಡದಲ್ಲಿ ನೀರು ಆಳ. ಕೊಕ್ಕರೆ, ಬೆಳ್ಳಕ್ಕಿ, ಗೊರವಗಳು ಮೇಯುವುದು ಎದುರು ಬದಿಯಲ್ಲಿ, ಹಿನ್ನೀರು ತೆಳುವಾಗಿ ಹರಡಿದ ಕೆಸರಿನಲ್ಲಿ. ಅಲ್ಲಿ ಜೊಂಡು ಆಳೆತ್ತರ ಬೆಳೆದು ನೋಟಕ್ಕೆ ಅಡ್ಡ ಬರುತ್ತದೆ. ಅಟ್ಟಣೆ ಬೇಕಾಗಿರುವುದು ಆ ಕಡೆಗೆ, ನೀರು ತಲುಪದ ಮೇಲ್ದಂಡೆಯಲ್ಲಿ.

ಎತ್ತರ ಎಷ್ಟಿರಬೇಕು? ಲೆಕ್ಕ ಹಾಕಿ ನೋಡೋಣ. ಅಟ್ಟಣೆಯಿಂದ 30 ಅಡಿ ದೂರದಲ್ಲಿ 6 ಅಡಿ ಜೊಂಡು ನಿಂತಿದೆಯೆಂದು ಇಟ್ಟುಕೊಳ್ಳಿ. ನೆಲದ ಮೇಲೆ ನಿಂತವನ ಕಣ್ಣು 5 ಅಡಿ ಎತ್ತರದಲ್ಲಿರುತ್ತದೆ. ಅವನಿಗೆ ಜೊಂಡಿನ ಆಚೆ ಏನೂ ಕಾಣದು. 10 ಅಡಿಯ ಹಾಸಿನ ಮೇಲೆ ನಿಂತರೆ ಕಣ್ಣು 15 ಅಡಿಗೆ ಏರುತ್ತದೆ. ಆಗ ನೋಟ ಜೊಂಡಿನ ತುದಿಯನ್ನು ದಾಟಿ 50 ಅಡಿ ದೂರದಲ್ಲಿ ನೀರನ್ನು ಮುಟ್ಟುತ್ತದೆ. ಮರೆಯಾಗುವುದು ಜೊಂಡಿನ ಹಿಂದಿನ 20 ಅಡಿ ಮಾತ್ರ. ಹಾಸನ್ನು 30 ಅಡಿಗೆ ಏರಿಸಿದರೋ? ನೋಟ 36 ಅಡಿಯಲ್ಲಿ ನೀರು ಮುಟ್ಟುತ್ತದೆ. ಮೂರು ಪಟ್ಟು ಎತ್ತರಕ್ಕೆ ನಮಗೆ ಹೆಚ್ಚಾಗಿ ಸಿಕ್ಕಿದ್ದು 14 ಅಡಿ ಜಾಗ! ಜೊತೆಗೆ ಆಕಾಶಕ್ಕೆ ಎದುರಾಗಿ ನಿಂತ ಮನುಷ್ಯಾಕೃತಿ ಕಂಡರೆ ಬಾತುಗಳು ಎದ್ದುಹೋಗುತ್ತವೆ. ಆದ್ದರಿಂದ 10 ಅಡಿ, ಹೆಚ್ಚೆಂದರೆ 12 ಅಡಿ ಸಾಕು.

ಸ್ಥಳ ಆರಿಸುವಾಗ ಬಿಸಿಲನ್ನೂ ನೋಡಬೇಕು. ವಲಸೆ ಹಕ್ಕಿಗಳ ಕಾಲ ಅಕ್ಟೋಬರಿನಿಂದ ಮಾರ್ಚಿನವರೆಗೆ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣ ದಂಡೆಯಲ್ಲಿ ಅಟ್ಟಣೆಯಿದ್ದು ಮುಖ ಉತ್ತರಕ್ಕಿದ್ದರೆ ಬೆಳಗ್ಗೆಯೂ ಸಂಜೆಯೂ ಬಿಸಿಲು ಕಣ್ಣಿಗೆ ಹೊಡೆಯದು. ಹಕ್ಕಿಯ ಬಣ್ಣವೂ ಚೆನ್ನಾಗಿ ಕಾಣುತ್ತದೆ.

ಇನ್ನು ಕಟ್ಟಡ. ಹಾಸು 8 ಅಡಿಗೆ 8 ಅಡಿ, ಬುಡದ ಅಗಲ 10 ಅಡಿ. ಬುಡ ಅಗಲವಾಗಿದ್ದರೆ ಗಾಳಿಗೆ ನಿಲ್ಲುತ್ತದೆ. ಇಂಥ ಅಟ್ಟಣೆಗಳು ಭಾರಕ್ಕಿಂತ ಓಲಾಟದಿಂದಲೇ ಬೀಳುವುದು ಹೆಚ್ಚು. ಆದ್ದರಿಂದ ನಾಲ್ಕು ಮಗ್ಗುಲಿಗೂ ಅಡ್ಡಡ್ಡ ಓರೆಪಟ್ಟಿಗಳನ್ನು ಬೋಲ್ಟು ಹಾಕಿ ಬಿಗಿಯಬೇಕು, ಬರೀ ಮೊಳೆ ಸಾಲದು. ಮೂರೂವರೆ ಅಡಿಯ ಕಟಕಟೆ, ಹಿಡಿಯಿರುವ ಮೆಟ್ಟಿಲು ಇರಲಿ. ಒಂದು ಸಲಕ್ಕೆ ಆರು ಜನಕ್ಕಿಂತ ಹೆಚ್ಚು ಹತ್ತಕೂಡದು. ಸುಮಾರು 400 ಕಿಲೋ ಆಯಿತು. ಕಟ್ಟುವಾಗ ಅದರ ಎರಡರಷ್ಟಕ್ಕೆ ಕಟ್ಟಬೇಕು. ಇದನ್ನು ಒಬ್ಬ ಇಂಜಿನಿಯರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಶಾಲೆಯ ಮಕ್ಕಳೂ ಹತ್ತುವ ಜಾಗ ಅದು.

ಮರವನ್ನು ನೇರವಾಗಿ ಮಣ್ಣಿಗೆ ಊರಿದರೆ ಗೆದ್ದಲು ಬಿಡುವುದಿಲ್ಲ. ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವೇ? ಬೇಲಿಗೆ ಬಳಸುವಂಥ ದಪ್ಪ ಕಲ್ಲುಕಂಬಗಳನ್ನು ಊರಿ, ನೆಲದಿಂದ ಒಂದೂವರೆ ಅಡಿ ಮೇಲೆ ಮರದ ಕಂಬಗಳನ್ನು ಅವುಗಳಿಗೆ ಕಬ್ಬಿಣದ ಪಟ್ಟಿಯಿಂದ ಬಿಗಿಯಬೇಕು. ಕಂಬಗಳಿಗೆ ಹಳೆಯ ನೀಲಗಿರಿ ಅಥವಾ ಸರ್ವೆ, ಹಾಸಿಗೂ ಕಟಕಟೆಗೂ ಬಿದಿರು. ಒಂದು ತುಂಡು ಕೆಟ್ಟರೆ ಅದನ್ನಷ್ಟೇ ಬಿಚ್ಚಿ ಬದಲಿಸಲು ಬರುವಂತಿರಬೇಕು. ಹೀಗೆ ಮಾಡಿದರೆ ರಿಪೇರಿಗೆ ಊರಿನ ಬಡಗಿಯೇ ಸಾಕು, ಕಂಟ್ರಾಕ್ಟುದಾರನ ಬಾಗಿಲು ಕಾಯಬೇಕಾಗಿಲ್ಲ.

ಬಿದಿರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಅಟ್ಟಣೆಯ ಆಯುಸ್ಸು ಅದರಲ್ಲೇ ಇದೆ. ಹಸಿ ಎಳೆ ಬಿದಿರನ್ನು ಹಾಗೇ ಬಳಸಿದರೆ ಒಂದೆರಡು ಮಳೆಗಾಲಕ್ಕೆ ಹುಳು ತಿಂದು ಪುಡಿಯಾಗುತ್ತದೆ. ಹುಳು ಬರುವುದು ಅದರೊಳಗಿನ ಪಿಷ್ಟಕ್ಕೆ. ಮೂರು ನಾಲ್ಕು ವರ್ಷ ಬಲಿತ ಗಳುಗಳನ್ನು ಮಳೆಗಾಲ ಕಳೆದ ಮೇಲೆ ಕಡಿಯಬೇಕು. 100 ಲೀಟರು ನೀರಿಗೆ 3 ಕಿಲೋ ಬೋರಾಕ್ಸ್, 2 ಕಿಲೋ ಬೋರಿಕ್ ಆಮ್ಲ ಕರಗಿಸಿ, ಗಿಣ್ಣುಗಳ ಒಳಗೋಡೆಗೆ ತೂತು ಮಾಡಿದ ಬಿದಿರನ್ನು ವಾರ ಹತ್ತು ದಿನ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸಿ. ಈ ಉಪ್ಪು ಮಳೆನೀರಿಗೆ ತೊಳೆದುಹೋಗುವಂಥದು, ಆದ್ದರಿಂದ ಮೇಲೆ ತೆಂಗಿನ ಗರಿಯ ಚಾವಣಿ ಬೇಕೇ ಬೇಕು. ತಗಡು ಬೇಡ, ಅದು ಹೊಳೆಯುತ್ತದೆ, ಮಳೆಯಲ್ಲಿ ಸದ್ದೂ ಮಾಡುತ್ತದೆ. ಉಳಿದ ದ್ರಾವಣವನ್ನು ಕೆರೆಗಾಗಲಿ ಹೊಲಕ್ಕಾಗಲಿ ಚೆಲ್ಲಬೇಡಿ. ಬೋರಾನು ಬೆಳೆಗೆ ಬೇಕಾದ್ದು ಚಿಟಿಕೆಯಷ್ಟು, ಹೆಚ್ಚಾದರೆ ವಿಷ. ಅದನ್ನು ಮುಂದಿನ ಬಿದಿರಿಗೆ ಬಳಸಿ. ವಾಹನದ ಹಳೆಯ ಆಯಿಲು ಬಳಿಯುವ ರೂಢಿಯೂ ನೀರಿನ ಹತ್ತಿರ ಸಲ್ಲದು.

ಅಟ್ಟಣೆಗೆ ಹೋಗುವ ದಾರಿ ಬಯಲಾಗಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಹತ್ತುವುದರೊಳಗೇ ಹಕ್ಕಿ ಹಾರಿಹೋಗಿರುತ್ತದೆ. ದಾರಿಯ ಕೆರೆ ಬದಿಗೆ ಲಕ್ಕಿ, ಹೊಂಗೆಗಳ ಜೀವಂತ ಬೇಲಿ ಹಾಕಿ. ಹೊಂಗೆಯ ಸೊಪ್ಪು ಗದ್ದೆಗೂ ಆಯಿತು.

ಹಕ್ಕಿಗಳ ಮಾತು ಬಂದರೆ ನಮಗೆ ಹತ್ತಿರದ ಪಾಠಶಾಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರಗಳ ಕೆಳಗಿನ ಹಿಕ್ಕೆಯನ್ನು ರೈತರು ಗೊಬ್ಬರ ಮಾಡಿಕೊಳ್ಳುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಆ ಹಕ್ಕಿಗಳು ಮೀನಿಗಾಗಿ ಸುತ್ತಲಿನ ಕೆರೆಗಳಿಗೆ ಹೋಗುತ್ತವೆ. ಕೆರೆಗಳು ಬತ್ತಿದರೆ ಅಲ್ಲಿನ ಗೂಡಿನಲ್ಲಿ ಮರಿ ಉಳಿಯದು. ಹಕ್ಕಿಗಳೆಲ್ಲ ರೈತನ ಮಿತ್ರರೆಂದು ನಾನು ಹೇಳಲಾರೆ. ನೇರಳೆ ಬಣ್ಣದ ಜಂಬುಕೋಳಿ ಭತ್ತದ ಪೈರನ್ನು ಹಾಳುಮಾಡುವುದು ತಮಗೆ ಗೊತ್ತೇ ಇದೆ. ಯಾವ ಹಕ್ಕಿ ಯಾವ ತಿಂಗಳು ಎಷ್ಟು ಬಂತು, ಎಲ್ಲಿ ಮೇಯಿತು ಎಂದು ಅಟ್ಟಣೆಯಲ್ಲೇ ಒಂದು ಪುಸ್ತಕವಿಟ್ಟು ಬರೆದರೆ ಲಾಭವೆಷ್ಟು ನಷ್ಟವೆಷ್ಟು ಎಂದು ನಾವೇ ಹೇಳಬಹುದು. ಅದೇ ಪುಟದಲ್ಲಿ ಕೆರೆಯ ನೀರಿನ ಮಟ್ಟವನ್ನೂ ಬರೆಯಿರಿ. ಬೇಸಿಗೆ ಬೆಳೆಗೆ ನೀರು ಸಾಕೇ ಎಂಬ ಚರ್ಚೆಗೆ ಅದೇ ಆಧಾರ.

ಕನಕಪುರ, ಚನ್ನಪಟ್ಟಣದ ಕಡೆಯಿಂದ ಬಂದ ಬಂಧುಗಳಿಗೆ ಒಂದು ಎಚ್ಚರಿಕೆ. ಆನೆ ಬರುವ ಕೆರೆಗಳಲ್ಲಿ ರಾತ್ರಿ ಇದರ ಮೇಲೆ ಯಾರೂ ಇರಕೂಡದು. 10 ಅಡಿ ಆನೆಯ ಸೊಂಡಿಲಿಗೆ ಎತ್ತರವೇ ಅಲ್ಲ.

ಕೆಲಸ ಹಿಡಿಯುವ ಮುನ್ನ ಕೆರೆ ಯಾರದೆಂದು ತಿಳಿಯಿರಿ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನದು ಪಂಚಾಯಿತಿಯದು, ಅದಕ್ಕೆ ಮೇಲ್ಪಟ್ಟದ್ದು ಸಣ್ಣ ನೀರಾವರಿ ಇಲಾಖೆಯದು. ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಬಿದಿರನ್ನು ಚಳಿಗಾಲದಲ್ಲೇ ಕಡಿದು ನೆನೆಸಿ ಒಣಗಿಸಿಟ್ಟುಕೊಳ್ಳಿ. ಕಲ್ಲುಕಂಬ ಊರುವ ಕೆಲಸವನ್ನು ಬೇಸಿಗೆಯಲ್ಲಿ ಕೆರೆಯಂಗಳ ಒಣಗಿದಾಗ ಮಾಡಬಹುದು. ಹತ್ತಿರದ ಮರಗಳಲ್ಲಿ ಗೂಡುಗಳಿದ್ದರೆ ಮರಿ ಹಾರಿಹೋಗುವವರೆಗೆ ಕಾಯಿರಿ. ಏನಾದರೂ ಸೆಪ್ಟೆಂಬರಿನೊಳಗೆ ಸುತ್ತಿಗೆಯ ಸದ್ದು ನಿಂತಿರಬೇಕು.